ದೂರದ ಸ್ಟೇಜಿನ ದರ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ಆಕೆಯನ್ನು ಪರದೇಶದಲ್ಲೂ ಎಲ್ಲರೂ ಕಂಡಕ್ಟರಮ್ಮ ಎಂದೇ ಕರೆದರು. ನಾಲ್ಕು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದಳು. ಮಗಳಿಗೆ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ, ಅಳಿಯ ಲಿಫ್ಟ್ ರಿಪೇರಿಯವನು. ಇಬ್ಬರೂ ಬೆಳಗ್ಗೆ ಹೊರಟರೆ ಮನೆ ಸೇರುವುದು ಸಂಜೆಗೇ. ಕಂಡಕ್ಟರಮ್ಮನಿಗೋ ಸುಮ್ಮನೆ ಕೂತು ಗೊತ್ತಿಲ್ಲ. ಕಂಡದ್ದನ್ನೆಲ್ಲ ಕೇಳಬೇಕು, ಕೇಳಿದ್ದಕ್ಕೆಲ್ಲ ಕಾರಣ ಸಿಗಬೇಕು.

ಬಂದ ಎರಡನೇ ವಾರದಲ್ಲೇ ಒಂದು ಸೋಜಿಗ ಆಕೆಯ ಕಣ್ಣಿಗೆ ಬಿತ್ತು. ಸೋಮವಾರ ತಂದ ಟೊಮೇಟೊಗೆ ಒಂದು ಬೆಲೆ, ಗುರುವಾರ ತಂದದ್ದಕ್ಕೆ ಇನ್ನೊಂದು. ಇಸ್ತ್ರಿಯವನು ಅಂಗಿಗೆ ಇಷ್ಟೆಂದು ಏರಿಸಿದ್ದ. ಅಳಿಯ ಕ್ಷೌರ ಮಾಡಿಸಿಕೊಂಡು ಬಂದವನೇ ಅಲ್ಲೂ ಜಾಸ್ತಿಯಾಗಿದೆ ಎಂದ. ಯಾರನ್ನು ಕೇಳಿದರೂ ಒಂದೇ ಉತ್ತರ: ಪೆಟ್ರೋಲ್.

“ಅಲ್ಲಪ್ಪ, ಕತ್ತರಿಗೂ ಪೆಟ್ರೋಲ್ ಹಾಕ್ತಾರಾ?” ಎಂದು ಕೇಳಿದಳು.

“ಕತ್ತರಿ ಹಿಡಿಯೋನು ಇರೋದು ಊರಾಚೆ, ಅತ್ತೆ. ಬಸ್ಸಿಗೆ ಜಾಸ್ತಿ ಕೊಟ್ಟು ಬರ್ತಾನೆ. ಅದನ್ನ ನನ್ನ ತಲೆ ಮೇಲಲ್ಲದೆ ಇನ್ಯಾರ ತಲೆ ಮೇಲೆ ಹಾಕ್ತಾನೆ?”

ಆಕೆ ನಕ್ಕಳು. ಆದರೆ ಆ ಮಾತು ಒಳಗೇ ಉಳಿಯಿತು. ಮರುದಿನ ಮೂಲೆಯ ಅಂಗಡಿಗೆ ಹೋಗಿ ಟೊಮೇಟೊ ಪೆಟ್ಟಿಗೆಗಳನ್ನು ಹೊರಳಿಸಿ ನೋಡಿದಳು. ಒಂದೊಂದರ ಮೈಮೇಲೂ ಮೂರು ನಾಲ್ಕು ಚೀಟಿ: ತೋಟದ್ದು, ಬಂದರಿನದು, ಗೋದಾಮಿನದು. ಬಸ್ಸಿನ ದಾರಿಯ ಹಾಗೆ ಇದಕ್ಕೂ ಸ್ಟೇಜುಗಳಿವೆ, ಪ್ರತಿ ಸ್ಟೇಜಿಗೂ ಟಿಕೆಟ್ ಕೊಂಡೇ ಬಂದಿದೆ ಎಂದು ಹೊಳೆದಾಗ ಆಕೆಗೆ ಮಕ್ಕಳಿಗಾಗುವಂಥ ಖುಷಿಯಾಯಿತು. ಅಂಗಡಿಯವನು ಮಾತ್ರ, ಈ ಹೆಂಗಸು ಕೊಳ್ಳುತ್ತಾಳೋ ಸುಮ್ಮನೆ ತಪಾಸಣೆ ಮಾಡುತ್ತಾಳೋ ಎಂದು ಕತ್ತು ನೀಡಿ ನೋಡುತ್ತಿದ್ದ.

ಆ ಸಂಜೆಯೇ ಮನೆಯಲ್ಲೊಂದು ತಕರಾರು ಬಂತು. ಅಳಿಯನ ಕಾರಿನಲ್ಲಿ ದಿನವೂ ಅವನ ಜೊತೆ ಮೂವರು ಹೋಗುತ್ತಿದ್ದರು, ಮೂವರೂ ಅದೇ ಕಟ್ಟಡದವರು, ನಮ್ಮ ಭಾಷೆಯವರು. ಒಬ್ಬ ಬೇಕರಿಯವನು, ಒಬ್ಬ ಹಡಗು ಕಚೇರಿಯ ಗುಮಾಸ್ತ, ಇನ್ನೊಬ್ಬಳು ಮೂರನೇ ಮಹಡಿಯ ನರ್ಸ್. ಪೆಟ್ರೋಲಿನ ಖರ್ಚು ನಾಲ್ಕು ಸಮ ಪಾಲು. ಬೆಲೆ ಕಡಿಮೆಯಿದ್ದಾಗ ಯಾರಿಗೂ ಅದು ಭಾರವಾಗಿರಲಿಲ್ಲ. ಈಗ ಬೇಕರಿಯವನು ಬಾಗಿಲಲ್ಲೇ ನಿಂತು ಶುರು ಮಾಡಿದ.

“ನಾನು ಇಳಿಯೋದು ಮೊದಲನೇ ಸಿಗ್ನಲ್ ಹತ್ರ. ಆಯಮ್ಮ ಹೋಗೋದು ಊರ ಆ ತುದಿಗೆ. ಇಬ್ರಿಗೂ ಒಂದೇ ಪಾಲು ಅಂದ್ರೆ ಯಾವ ನ್ಯಾಯ? ನಾಳೆಯಿಂದ ನಾನು ಸೈಕಲ್ಲಲ್ಲಿ ಹೋಗ್ತೀನಿ.”

ಅಳಿಯನಿಗೆ ಬಿಸಿತುಪ್ಪ ಬಾಯಲ್ಲಿಟ್ಟಂತಾಯಿತು. ಒಬ್ಬ ಬಿಟ್ಟರೆ ಉಳಿದವರ ಪಾಲು ಏರುತ್ತದೆ.

“ಸ್ವಲ್ಪ ತಡಿ ಮಗ, ನಾನೊಂದು ಸಲ ಬಂದು ನೋಡ್ತೀನಿ” ಎಂದಳು ಕಂಡಕ್ಟರಮ್ಮ.

ಮರುದಿನ ಆಕೆ ಹಿಂದಿನ ಸೀಟಿನ ನಡುವೆ ಕೂತು, ಮೀಟರಿನ ಮೇಲೆ ಕಣ್ಣು ನೆಟ್ಟು ಹೊರಟಳು. ಕಂಡದ್ದು ಎರಡು ಸಂಗತಿ. ಗುಮಾಸ್ತ ಕೆಳಗಿಳಿದು ಬರುವವರೆಗೆ ದಿನಾ ಹತ್ತು ನಿಮಿಷ ಇಂಜಿನ್ ಸುಮ್ಮನೆ ಓಡುತ್ತಿತ್ತು. “ನಿಂತ ಗಾಡಿ ಕುಡಿಯೋದು ಯಾರ ಪಾಲಿಗೆ?” ಎಂದು ಆಕೆ ಕೇಳಿದ್ದೇ ತಡ, ಗುಮಾಸ್ತನ ಮುಖ ಸಣ್ಣದಾಯಿತು. ಎರಡನೆಯದು ಬೇಕರಿಯವನ ಮಾತು, ಅದು ಸುಳ್ಳಲ್ಲ. ಅವನದು ಒಂದು ಸ್ಟೇಜು, ಗುಮಾಸ್ತನದು ಮೂರು, ನರ್ಸಿನದು ಏಳು. ಮನೆಗೆ ಬಂದವಳೇ ಹಾಳೆ ತೆಗೆದು, ಸ್ಟೇಜಿಗಿಷ್ಟು ಎಂದು ಗೆರೆ ಎಳೆದುಕೊಟ್ಟಳು. ಬೇಕರಿಯವನು “ಇದು ಮಾತು” ಎಂದ. ಗುಮಾಸ್ತ ತಕರಾರೆತ್ತಲಿಲ್ಲ. ನರ್ಸ್ ಹಾಳೆಯನ್ನು ಒಂದು ಕ್ಷಣ ನೋಡಿ, “ಸರಿ ಅಮ್ಮ” ಎಂದಳು.

ಮರುದಿನ ನರ್ಸ್ ಬರಲಿಲ್ಲ. ಡ್ಯೂಟಿ ರಾತ್ರಿಗೆ ಬದಲಾಗಿದೆ ಎಂದು ಅಳಿಯನ ಫೋನಿಗೆ ಸಂದೇಶ ಬಂತು. ಅದರ ಮರುದಿನವೂ ಹಾಗೆಯೇ. ಮೂರನೇ ದಿನ ಬೆಳಗ್ಗೆ ಕಾಫಿಗೆ ನೀರಿಡುತ್ತಿದ್ದ ಕಂಡಕ್ಟರಮ್ಮ ಕಿಟಕಿಯಿಂದ ನೋಡಿದರೆ, ಕಾರು ಹೊರಡಲು ಇನ್ನೂ ಒಂದೂವರೆ ಗಂಟೆ ಇರುವಾಗ ನರ್ಸ್ ಊಟದ ಡಬ್ಬಿ ಹಿಡಿದು ಬಸ್ ಸ್ಟಾಪಿನ ಕಡೆ ಬಿರಬಿರನೆ ನಡೆಯುತ್ತಿದ್ದಳು. ರಾತ್ರಿ ಡ್ಯೂಟಿಯಾದರೆ ಬೆಳಗ್ಗೆಯೇ ಅದೇ ಡಬ್ಬಿ, ಅದೇ ಬಟ್ಟೆ, ಈ ಓಟ ಯಾಕೆ? ಕಂಡಕ್ಟರಮ್ಮ ಒಲೆ ಆರಿಸಿ, ಮಗಳ ಬಸ್ ಕಾರ್ಡ್ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು.

ಬಸ್ಸಿನಲ್ಲಿ ಪಕ್ಕ ಬಂದು ಕೂತವಳನ್ನು ಕಂಡು ನರ್ಸಿಗೆ ಗಾಬರಿ. “ಅಮ್ಮ, ನೀವೆಲ್ಲಿಗೆ?”

“ನೀನೆಲ್ಲಿಗೋ ಅಲ್ಲಿಗೆ. ಈ ಊರ ಬಸ್ಸು ನೋಡಿರಲಿಲ್ಲ.”

ಮಾತು ಸುಳ್ಳೂ ಆಗಿರಲಿಲ್ಲ. ಕಂಡಕ್ಟರ್ ಇಲ್ಲದ ಬಸ್ಸು, ಕಾರ್ಡ್ ತೋರಿಸಿದರೆ ಕೀಚ್ ಎನ್ನುವ ಪೆಟ್ಟಿಗೆ. ಹತ್ತಿದವನು ಯಾರು, ಇಳಿದವನು ಯಾರು ಎಂದು ಕೇಳುವವರೇ ಇಲ್ಲ. ನಿಂತವರಲ್ಲಿ ಕೈಯಲ್ಲಿ ಕಾರಿನ ಕೀಲಿ ತಿರುಗಿಸುತ್ತಿದ್ದವರೂ ಇದ್ದರು. ಪೆಟ್ರೋಲಿಗೆ ಹೆದರಿ ಕಾರು ಮನೆಯಲ್ಲೇ ಬಿಟ್ಟು ಬಂದಿದ್ದರೂ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ ಪಾಪ.

ಎರಡು ಸ್ಟಾಪ್ ಕಳೆದ ಮೇಲೆ ನರ್ಸ್ ತಾನಾಗಿಯೇ ಹೇಳಿದಳು. “ನೀವು ಹಾಕಿದ ಲೆಕ್ಕದಲ್ಲಿ ತಪ್ಪಿಲ್ಲಮ್ಮ. ನನ್ನ ಹತ್ರ ಇಲ್ಲ, ಅಷ್ಟೆ. ಎರಡು ವರ್ಷ ಸಂಬಳ ಇಷ್ಟೇ ಅಂತ ಆಸ್ಪತ್ರೆಯವರು ಬರೆಸಿಕೊಂಡಿದ್ದಾರೆ. ರೂಮ್ ಕೊಟ್ಟವಳು ಬಾಡಿಗೆ ಏರಿಸಿದಳು, ಗ್ಯಾಸಿನವನು ಏರಿಸಿದ. ಬೆಲೆಗೆ ಕಾಲಿದೆ, ನಡೀತಾ ಇರುತ್ತೆ. ಸಂಬಳ ಕೂತಲ್ಲೇ ಕೂತಿದೆ. ಮೇಲಿನ ದರ್ಜೆ ಪರೀಕ್ಷೆಗೆ ಅಂತ ಒಂದಿಷ್ಟು ಎತ್ತಿಡ್ತಿದ್ದೀನಿ. ಅದನ್ನ ಮುಟ್ಟೋಕೆ ಮನಸ್ಸಿಲ್ಲ.”

“ಆಸ್ಪತ್ರೆ ಹತ್ರವೇ ಮನೆ ಮಾಡಬಾರದಾ?”

“ಅಲ್ಲಿ ಬಾಡಿಗೆ ಇನ್ನೂ ಜಾಸ್ತಿ. ದೂರ ಇದ್ದರೆ ದಾರಿಗೆ ಕೊಡಬೇಕು, ಹತ್ರ ಇದ್ದರೆ ಗೋಡೆಗೆ.”

ಕಂಡಕ್ಟರಮ್ಮನಿಗೆ ತನ್ನ ಹಾಳೆಯ ಗೆರೆಗಳು ನೆನಪಾಗಿ ಒಂಥರಾ ಮುಜುಗರವಾಯಿತು. ಕೂತಲ್ಲಿಂದಲೇ ತಲೆ ಎತ್ತಿದರೆ ಬಾಗಿಲ ಮೇಲೊಂದು ದರಪಟ್ಟಿ.

“ಅದನ್ನ ಓದಿ ಹೇಳೇ, ಸ್ಟೇಜ್ ಸ್ಟೇಜಾಗಿ.”

ನರ್ಸ್ ಓದಿದಳು. ಮೊದಲ ಸ್ಟೇಜಿಗೆ ಇಷ್ಟು. ಆಮೇಲಿನದಕ್ಕೆ ಸ್ವಲ್ಪವೇ ಹೆಚ್ಚು. ಏಳನೆಯದಕ್ಕೆ ಬಂದರೆ ಅದಕ್ಕೂ ಮೂರನೆಯದಕ್ಕೂ ಅಂಥಾ ವ್ಯತ್ಯಾಸವೇ ಇಲ್ಲ.

“ಅಯ್ಯೋ ನನ್ನ ಮರೆಗುಳಿತನವೇ” ಎಂದು ಕಂಡಕ್ಟರಮ್ಮ ಹಣೆ ತಟ್ಟಿಕೊಂಡಳು. ಮೂವತ್ತೊಂದು ವರ್ಷ ತಾನು ಹರಿದ ಟಿಕೆಟ್ಟುಗಳೂ ಹೀಗೇ ಇದ್ದವಲ್ಲ. ದೂರ ಹೋದಷ್ಟೂ ಒಂದೊಂದು ಮೈಲಿಯ ದರ ಇಳಿಯುತ್ತಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ, ಎಲ್ಲವನ್ನೂ ಕೇಳುವ ಆಕೆಯೂ ಕೇಳಿರಲಿಲ್ಲ.

ಭಾನುವಾರ ಎಲ್ಲರನ್ನೂ ಮನೆಗೆ ಕರೆದು ಚಹಾ ಕೊಟ್ಟಳು. “ನನ್ನ ಲೆಕ್ಕ ತಪ್ಪಿತ್ತು” ಎಂದೇ ಶುರು ಮಾಡಿದಳು. “ಅಳಿಯಂದ್ರ ವರ್ಕ್‌ಶಾಪ್ ಇರೋದು ಆಸ್ಪತ್ರೆಯ ಬೆನ್ನಿಗೇ. ಬಸ್ಸಿನ ಹಾಗೇ, ಈ ಹುಡುಗಿ ಹತ್ತಲಿ ಬಿಡಲಿ, ಕಾರು ಆ ತುದಿಗೆ ಹೋಗ್ಲೇಬೇಕು. ಇವಳು ಹತ್ತಿದ್ದಕ್ಕೆ ಒಂದು ಲೋಟ ಪೆಟ್ರೋಲೂ ಜಾಸ್ತಿ ಸುಡಲ್ಲ. ಹಾಗಿದ್ದ ಮೇಲೆ ಏಳು ಪಟ್ಟು ಯಾಕೆ ಕೊಡಬೇಕು?”

ಹೊಸ ಪಟ್ಟಿ ಓದಿದಳು. ಬೇಕರಿಯವನಿಗೆ ಮೊದಲಿನ ಸಮಪಾಲಿಗಿಂತ ಕಡಿಮೆ. ಗುಮಾಸ್ತನಿಗೆ ಮೊದಲಿನಷ್ಟೇ, ಆದರೆ ಕಾಯಿಸಿದ ದಿನಕ್ಕೆ ದಂಡ. ನರ್ಸಿಗೆ ಒಂದಿಷ್ಟೇ ಹೆಚ್ಚು. ಉಳಿದದ್ದು ಗಾಡಿಯ ಮಾಲೀಕನಿಗೆ.

“ನೋಡಿದ್ರಾ, ಸುತ್ತಿ ಬಳಸಿ ಸ್ವಂತ ಅಳಿಯನ ಜೇಬಿಗೇ ಕೈ ಹಾಕಿದ್ರು” ಎಂದ ಅಳಿಯ. ಮಗಳು ಒಳಗಿನಿಂದಲೇ, “ವಾರಕ್ಕೆ ಎರಡು ದಿನ ಹೊರಗೆ ಊಟ ಮಾಡೋದು ಬಿಟ್ಟರೆ ಸರಿಹೋಗುತ್ತೆ” ಎಂದಳು.

ಬೇಕರಿಯವನು ಚಹಾ ಲೋಟ ತಿರುಗಿಸುತ್ತ ಕೂತಿದ್ದ. ನರ್ಸ್ ಮೂರು ದಿನ ನಸುಕಿಗೇ ಎದ್ದು ಬಸ್ ಹಿಡಿದದ್ದು ಕಂಡಕ್ಟರಮ್ಮ ಹೇಳುವವರೆಗೆ ಅವನಿಗೆ ಗೊತ್ತಿರಲಿಲ್ಲ.

“ಡ್ಯೂಟಿ ಬದಲಾಯ್ತು ಅಂದಿದ್ದೆಯಲ್ಲಮ್ಮ.”

“ಇನ್ನೇನು ಅನ್ನಲಿ?” ಎಂದಳು ನರ್ಸ್.

“ನಂಗೆ ಕಡಿಮೆ ಆಗ್ಲಿ ಅಂತಲ್ಲ, ನಾನು ಬೇಗ ಇಳೀತೀನಿ ಅನ್ನೋದು ಯಾರ ಗಮನಕ್ಕೂ ಬರ್ತಿಲ್ಲ ಅಂತ ಸಿಟ್ಟು ಬಂದಿತ್ತು.” ಬೇಕರಿಯವನು ಲೋಟ ಕೆಳಗಿಟ್ಟು ಮತ್ತೆ ಹೇಳಿದ, “ಮೈದಾ ಮೂಟೆಗೂ ಸಾಗಾಟ ಏರಿದೆ. ನಾನೂ ಬನ್ನಿಗೆ ಏರಿಸಿದೀನಿ. ಕೊಳ್ಳೋರು ನನ್ನನ್ನ ಬೈತಾರೆ. ನಾನು ಯಾರನ್ನ ಬೈಲಿ?”

ಕಂಡಕ್ಟರಮ್ಮ, ಮೈದಾ ಎಲ್ಲಿಂದ ಬರುತ್ತದೆ, ಎಷ್ಟು ಸ್ಟೇಜ್ ದಾಟಿ ಬರುತ್ತದೆ ಎಂದು ಕೇಳತೊಡಗಿದಳು. ಅವನು ಹೇಳುತ್ತ ಹೋದ.

ಸೋಮವಾರ ಬೆಳಗ್ಗೆ ಗುಮಾಸ್ತ ಎಲ್ಲರಿಗಿಂತ ಮೊದಲೇ ಕೆಳಗೆ ನಿಂತಿದ್ದ. ಅವನ ಹಡಗು ಕಚೇರಿಯ ಗೋದಾಮು ನೋಡುವ ಆಸೆಯಿಂದ ಕಂಡಕ್ಟರಮ್ಮನೂ ಕಾರಿನಲ್ಲಿ ಅವನ ಪಕ್ಕ ತೂರಿಕೊಂಡಳು. ದಾರಿಯ ಪೆಟ್ರೋಲ್ ಬಂಕಿನ ಫಲಕದಲ್ಲಿ ಅಂಕಿ ಮತ್ತೆ ಮೇಲೇರಿತ್ತು. ಮೂರು ದಿನದ ನಿದ್ದೆ ಬಾಕಿಯಿದ್ದ ನರ್ಸ್ ಕಿಟಕಿಗೆ ತಲೆಯಾನಿಸಿ ಅದಾಗಲೇ ಮಲಗಿಬಿಟ್ಟಿದ್ದಳು. ಮೊದಲ ಸಿಗ್ನಲ್ ಬಂದಾಗ ಬೇಕರಿಯವನು ಇಳಿದು, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಸದ್ದಾಗದಂತೆ ಒತ್ತಿ ಮುಚ್ಚಿದ.