ಬಾನುಬಿಯ ಮನೆಯಲ್ಲಿ ಬೆಳೆದ ಎಲುಬು

ಗುರುಶಾಂತ ಅವ್ವನ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದವನು ಮಡಚಲು ಧೈರ್ಯ ಸಾಲದೆ ಹಾಗೆಯೇ ಕುಳಿತುಬಿಟ್ಟ. ನಸುಕಿನಲ್ಲಿ ದಮ್ಮು ಹೆಚ್ಚಾಗಿ ತೀರಿಕೊಂಡ ಸುಭದ್ರಾಬಾಯಿಗೆ ಮೈ ಬಿಗಿಯುವ ಮೊದಲೇ ಪದ್ಮಾಸನ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸಬೇಕಿತ್ತು. ಲಿಂಗವಂತರನ್ನು ಮಣ್ಣಿಗೆ ಕೊಡುವುದು ಕೂರಿಸಿಯೇ. ಹೊರಗೆ ನೆಲೋಗಿಯ ಅರ್ಧ ಊರು ನೆರೆದಿತ್ತು. ಭಜನೆಯವರು ತಾಳ ಹಿಡಿದು ಕಾಯುತ್ತಿದ್ದರು.

ಆದರೆ ಆ ಎಲುಬುಗಳ ಸಂಗತಿ ಎಲ್ಲರಿಗೂ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಬರೀ ಒಂದು ಸೀನಿಗೆ ಪಕ್ಕೆಲುಬು ಮುರಿದುಕೊಂಡವಳು ಆಕೆ.

“ಮಲಗಿಸೇ ಒಯ್ಯೂಣು,” ಎಂದ ಚಿಕ್ಕಪ್ಪ ಚಂದ್ರಾಮಪ್ಪ. “ಕಟ್ ಅಂತ ಸಪ್ಪಳ ಬಂತಂದ್ರ ಜನ್ಮಪೂರ್ತಿ ನಿನ್ನ ಕಿವ್ಯಾಗ ಉಳೀತದ ಲೇ.”

ಗುರುಶಾಂತ ಹಿಡಿದ ಕಾಲನ್ನು ಬಿಡಲಿಲ್ಲ. ಅವ್ವ ಈ ಜನ್ಮದಲ್ಲಿ ಬಾಯಿಬಿಟ್ಟು ಕೇಳಿದ್ದು ಹೀಗೆ ಕೂತು ಮಣ್ಣಿಗೆ ಹೋಗುವುದೊಂದನ್ನೇ.

* * *

ಡಾಕ್ಟರು ದಮ್ಮಿಗೆಂದು ಹದಿನೈದು ದಿನಕ್ಕೆ ಬರೆದುಕೊಟ್ಟ ಸ್ಟೀರಾಯ್ಡ್ ಗುಳಿಗೆಯನ್ನು ಸುಭದ್ರಾಬಾಯಿ ಅದೇ ಚೀಟಿ ತೋರಿಸಿ ಹನ್ನೊಂದು ವರ್ಷ ನುಂಗಿದ್ದಳು. ಉಸಿರು ಹಗುರಾಯಿತು, ಮುಖ ಗುಂಡಗಾಯಿತು. ಮಗನ ಸಂಪಾದನೆ ಮೈಗೆ ಹತ್ತಿದೆ ಎಂದು ಓಣಿಯ ಹೆಂಗಸರು ಚೇಷ್ಟೆ ಮಾಡಿದರೆ ಆಕೆಯೂ ಹಿಗ್ಗುತ್ತಿದ್ದಳು. ಒಳಗೆ ಎಲುಬು ಗೆದ್ದಲು ಹತ್ತಿದ ತೊಲೆಯಂತಾದದ್ದು ಯಾರಿಗೂ ತಿಳಿಯಲಿಲ್ಲ. ಒಂದು ದಿನ ಕೊಡ ಎತ್ತುವಾಗ ಬೆನ್ನುಮೂಳೆ ಕುಸಿಯಿತು. ಬೆನ್ನು ಬಾಗಿ ಮುಖ ನೆಲ ನೋಡತೊಡಗಿತು. ಆಕೆ ಅದಕ್ಕೆಲ್ಲ ಅಳಲಿಲ್ಲ. ಕೂರಲಾಗದೆ ಅಂಗೈಯ ಲಿಂಗಕ್ಕೆ ಮಲಗಿಯೇ ಪೂಜೆ ಮಾಡುವಾಗ ಮಾತ್ರ ಅಳುತ್ತಿದ್ದಳು.

ಕಲಬುರಗಿಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಹೊಸ ಎಲುಬು ಬೆಳೆಸುವ ಇಂಜೆಕ್ಷನ್ ಒಂದಿದೆ, ಇನ್ನೂ ಪ್ರಯೋಗದಲ್ಲಿದೆ, ಹತ್ತಿದರೆ ಹತ್ತೀತು, ಬಾಗಿದ ಬೆನ್ನಂತೂ ನೆಟ್ಟಗಾಗದು ಎಂದರು.

“ಕಾಲ್ ಮಡಚಿ ಕೂಡಾಕ ಬಂದ್ರ ಸಾಕ್ರಿ,” ಎಂದು ಆಕೆ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. “ಇದ್ದಾಗ ಪೂಜಿಗಿ, ಹೋದಾಗ ಮಣ್ಣಿಗಿ.”

ಔಷಧವನ್ನು ತಂಪಿನಲ್ಲಿ ಇಡಬೇಕಿತ್ತು. ಫ್ರಿಜ್ ಇದ್ದದ್ದು ಪಕ್ಕದ ಮನೆಯ ಬಾನುಬಿಯ ಹತ್ತಿರ. ಒಂದೂವರೆ ವರ್ಷ, ದಿನಾ ಬೆಳಿಗ್ಗೆ, ಬಾನುಬಿ ಅದನ್ನು ಸೆರಗಿನಲ್ಲಿ ಸುತ್ತಿ ತರುತ್ತಿದ್ದಳು. ಗುರುಶಾಂತ ಸೂಜಿ ಚುಚ್ಚುವಾಗ ಆಕೆ ನೆಲಕ್ಕೆ ಕೈಯೂರಿ, ಕೆಳಗಿನಿಂದ ಗೆಳತಿಯ ಮುಖ ನೋಡುತ್ತ ಮಾತಾಡಿಸುತ್ತಿದ್ದಳು. ನೆರೆಯವರ ಔಷಧ ಇದೆಯೆಂದು ಬಾನುಬಿಯ ಮನೆಯಲ್ಲಿ ಫ್ರಿಜ್ಜಿನೊಳಗೆ ಮಾಂಸ ಇಡುವುದನ್ನೇ ಬಿಟ್ಟಿದ್ದಾರೆಂದು ಆರು ತಿಂಗಳ ಮೇಲೆ ಗೊತ್ತಾಯಿತು.

“ಎಲುಬಿನ ಔಷಧದ ಬಾಜೂಕ ಎಲುಬು ಇಟ್ರ ಏನ್ ಕೆಟ್ಟೀತ ಬೇ?” ಎಂದು ಸುಭದ್ರಾಬಾಯಿ ನಕ್ಕಳು. ನಗುತ್ತಲೇ ಕಣ್ಣೀರು ತಂದುಕೊಂಡಳು. ಬಾನುಬಿ ಮಾತ್ರ ತನ್ನ ಹಟ ಬಿಡಲಿಲ್ಲ.

ಇಂಜೆಕ್ಷನ್ ಶುರುವಾದ ಹತ್ತನೆಯ ತಿಂಗಳು ಸುಭದ್ರಾಬಾಯಿ ಕಾಲು ಮಡಚಿ ಪೂಜೆಗೆ ಕೂತಳು. ಅಂದಿನಿಂದ ಒಂದು ಎಲುಬೂ ಮುರಿಯಲಿಲ್ಲ. ಡಾಕ್ಟರಿಗೆ ಹೋಳಿಗೆ ಕಟ್ಟಿ ಕಳಿಸಿದಳು. ಮನೆಗೆ ಬಂದವರಿಗೆಲ್ಲ ಇವು ಬಾನುಬಿಯ ಮನೆಯಲ್ಲಿ ಬೆಳೆದ ಎಲುಬು ಎಂದು ಮೊಣಕಾಲು ತಟ್ಟಿ ತೋರಿಸುತ್ತಿದ್ದಳು.

* * *

ಬಾಗಿಲಲ್ಲಿದ್ದವರನ್ನು ಸರಿಸಿಕೊಂಡು ಬಾನುಬಿ ಒಳಗೆ ಬಂದಳು.

“ಮಡಚು, ಗುರುಶಾಂತ,” ಎಂದಳು. “ಆ ಎಲುಬು ನನಗ ಗೊತ್ತದ. ಮುರಿಯಂಗಿಲ್ಲ.”

ಆತ ಕಣ್ಣು ಮುಚ್ಚಿ ಎಡಗಾಲು ಮಡಚಿದ. ಆಮೇಲೆ ಬಲಗಾಲು. ಕೋಣೆಯಲ್ಲಿದ್ದವರೆಲ್ಲ ಆಲಿಸಿದರು. ಯಾವ ಸಪ್ಪಳವೂ ಬರಲಿಲ್ಲ.

ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟರು. ಬೆಳಗಿನಿಂದ ಬಾರದ ಅಳು ಗುರುಶಾಂತನಿಗೆ ಈಗ ಬಂತು. ಅದರಲ್ಲಿ ದುಃಖಕ್ಕಿಂತ ಉಪಕಾರದ ನೆನಪೇ ಹೆಚ್ಚಾಗಿತ್ತು. ಹೊರಗೆ ತಾಳ ಶುರುವಾಯಿತು. ಚಂದ್ರಾಮಪ್ಪ ಎಲ್ಲರಿಗಿಂತ ಮೊದಲು ಹಾರ ಹಾಕಿದ.

ಬೆನ್ನು ಬಾಗಿಯೇ ಇದ್ದುದರಿಂದ ಹೂವು ಹಾಕಲು ನಿಂತವರಿಗೆ ನರೆತ ತಲೆಯಷ್ಟೇ ಕಾಣುತ್ತಿತ್ತು. ಮುಖ ಅಂಗೈಯ ಲಿಂಗದ ಕಡೆಗಿತ್ತು. ಬಾನುಬಿ ದಿನದಂತೆ ನೆಲಕ್ಕೆ ಕೈಯೂರಿ ಕುಳಿತಳು. ಕತ್ತು ಬಗ್ಗಿಸಿ, ಕೆಳಗಿನಿಂದ, ಗೆಳತಿಯ ಮುಖ ನೋಡಿದಳು.