ಘಾಟಿಗೆ ಹೋಗಬಾರದಿದ್ದ ಲಾರಿ

ಧಾರವಾಡದ ಕಡೆಯ ಭೀಮಸೇನ ಅಹಮದಾಬಾದಿನ ವಟ್ವಾಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಸಾರಿಗೆ ಕಂಪನಿಯೊಂದರ ಲಾರಿಗಳನ್ನು ರಿಪೇರಿ ಮಾಡುವ ಹೆಡ್ ಮಿಸ್ತ್ರಿ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆಂದು ಮಾಲೀಕ ಶೇಠನಿಗೂ ಅವನ ಮೇಲೆ ಭರವಸೆ.

೧೯೭೮ರ ಚಳಿಗಾಲದಲ್ಲಿ ಅದೇ ಕಂಪನಿಯ ಡ್ರೈವರ್, ಗದಗಿನ ದೊಡ್ಡಣ್ಣ ಅವನ ಹತ್ತಿರ ಬಂದ. ರಾತ್ರಿ ಉಂಡು ಅಹಮದಾಬಾದಿನಿಂದ ಸೂರತ್ತಿಗೆ ಮಾಲು ಒಯ್ಯುವುದು, ಮರುದಿನ ವಾಪಸಾಗುವುದು ಅವನ ಕೆಲಸ. ಹೆಂಡತಿ ತಾರಾಳಿಗೆ ಮೂರ್ಛೆರೋಗ. ಹಿಂದಿನ ತಿಂಗಳು ಒಬ್ಬಳೇ ಇದ್ದಾಗ ಸ್ಟೋವಿನ ಮೇಲೆ ಬಿದ್ದು ಕೈ ಸುಟ್ಟುಕೊಂಡಿದ್ದಳು. ಅವಳು ಸಂಜೆಯ ಅಡುಗೆಗೆ ಕೂರುವ ಮುಂಚೆ ತಾನು ಮನೆ ಸೇರಬೇಕು, ಲಾರಿ ಇನ್ನಷ್ಟು ಜೋರಾಗಿ ಓಡುವಂತೆ ಮಾಡಿಕೊಡು ಎಂದು ಕೇಳಿಕೊಂಡ.

ಎಂಜಿನ್ನಿನ ಪವರ್ ಇದ್ದಷ್ಟೇ ಎಂದು ಭೀಮಸೇನ ತಿಳಿಸಿ ಹೇಳಿದ. ಹಿಂದಿನ ಆ್ಯಕ್ಸಲಿನ ಹಲ್ಲುಗಾಲಿ ಬದಲಿಸಿದರೆ ಎಂಜಿನ್ ಒಂದು ಸುತ್ತು ಹಾಕುವಷ್ಟರಲ್ಲಿ ಚಕ್ರ ಮೊದಲಿಗಿಂತ ಹೆಚ್ಚು ತಿರುಗುತ್ತದೆ. ಆದರೆ ಚಕ್ರವನ್ನು ತಿರುಗಿಸುವ ಬಲ, ಮಿಸ್ತ್ರಿಗಳು ಟಾರ್ಕ್ ಅನ್ನುವುದು, ಅಷ್ಟೇ ಇಳಿಯುತ್ತದೆ.

"ಸಪಾಟ ರಸ್ತಾಕ್ಕ ಅಡ್ಡಿಯಿಲ್ಲ. ಲೋಡ್ ಹಾಕ್ಕೊಂಡು ಘಾಟಿಗೆ ಮಾತ್ರ ಒಯ್ಯಬ್ಯಾಡ, ದೊಡ್ಡಣ್ಣ."

ಸೂರತ್ತಿನ ದಾರಿಯಲ್ಲಿ ಘಾಟಿ ಎಲ್ಲಿದೆ ಎಂದು ದೊಡ್ಡಣ್ಣ ನಕ್ಕ. ಕೇಳಿದರೆ ಶೇಠ ಒಪ್ಪುತ್ತಿರಲಿಲ್ಲ. ಹಾಗಾಗಿ ಕೇಳಲಿಲ್ಲ. ಒಂದು ಭಾನುವಾರ ಇಬ್ಬರೇ ಕೂತು ಕೆಲಸ ಮುಗಿಸಿದರು.

ಮೂರು ತಿಂಗಳು ದೊಡ್ಡಣ್ಣ ಹೊತ್ತಿರುವಾಗಲೇ ಮನೆ ಸೇರಿದ. ಸ್ಟೋವ್ ತಾನೇ ಹಚ್ಚಿದ. ತಾರಾ ಹಾಡಿಕೊಂಡು ಜೋಳ ಬೀಸುವುದು ಓಣಿಗೆಲ್ಲ ಕೇಳುತ್ತಿತ್ತು.

ಹೋಳಿಯ ಮಾರನೆಯ ದಿನ ಇನ್ನೊಬ್ಬ ಡ್ರೈವರ್ ಕೆಲಸಕ್ಕೆ ಬರಲಿಲ್ಲ. ಬಣ್ಣದ ಡ್ರಮ್ಮುಗಳನ್ನು ಸಾಪುತಾರಾ ಘಾಟಿ ಹತ್ತಿಸಿ ನಾಸಿಕಕ್ಕೆ ಒಯ್ಯಲು ಶೇಠ ದೊಡ್ಡಣ್ಣನನ್ನೇ ಅವನ ಲಾರಿ ಸಮೇತ ಕಳಿಸಿದ. ಭೀಮಸೇನ ಅಂದು ವಡೋದರಾದಲ್ಲಿ ಕೆಟ್ಟುನಿಂತ ಗಾಡಿಯೊಂದನ್ನು ಬಿಚ್ಚಿಕೊಂಡು ಕೂತಿದ್ದ. ಆಗುವುದಿಲ್ಲವೆಂದರೆ ಶೇಠ ಕಾರಣ ಕೇಳುತ್ತಾನೆ, ಹೇಳಿದರೆ ಮಿಸ್ತ್ರಿಯ ಕೆಲಸ ಹೋಗುತ್ತದೆ. ಹಾಗೆಂದುಕೊಂಡು ದೊಡ್ಡಣ್ಣ ಬಾಯಿಬಿಡದೆ ಗಾಡಿ ಹತ್ತಿದ.

ನಡೆದದ್ದನ್ನು ಹಿಂದೆ ಬರುತ್ತಿದ್ದ ಬಸ್ಸಿನವರು ಹೇಳಿದರು. ಕಡಿದಾದ ತಿರುವಿನಲ್ಲಿ, ಒಂದನೇ ಗೇರಿನಲ್ಲೇ ಲಾರಿ ಏದುಸಿರು ಬಿಟ್ಟು ನಿಂತಿತು. ಎಂಜಿನ್ ಆರಿತು. ಆ ಭಾರಕ್ಕೆ ಬ್ರೇಕ್ ತಡೆಯದೆ ಗಾಡಿ ಹಿಂದಕ್ಕೆ ಜಾರತೊಡಗಿತು. ದೊಡ್ಡಣ್ಣ ಹಾರಿಕೊಳ್ಳಬಹುದಿತ್ತು. ಹಾರದೆ ಸ್ಟೇರಿಂಗ್ ಹೊರಳಿಸಿ ಗಾಡಿಯನ್ನು ಗುಡ್ಡಕ್ಕೆ ಗುದ್ದಿಸಿದ. ಲಾರಿ ಮಗುಚಿ ಅವನು ಅಲ್ಲೇ ತೀರಿಕೊಂಡ. ಬಸ್ಸಿನಲ್ಲಿದ್ದ ಒಬ್ಬರಿಗೂ ಏನೂ ಆಗಲಿಲ್ಲ.

ಉತ್ತರಕ್ರಿಯೆಯ ದಿನಗಳು ಮುಗಿದ ಮೇಲೆ ತಾರಾ ಭೀಮಸೇನನನ್ನು ಕರೆಸಿದಳು. ಇಷ್ಟು ವರ್ಷದಲ್ಲಿ ಎಲ್ಲೂ ನಿಲ್ಲದ ಗಾಡಿ ಅಲ್ಲಿ ಯಾಕೆ ನಿಂತಿತು ಎಂದು ಕೇಳಿದಳು. ಅವನ ಕಣ್ಣು ಮೂಲೆಯ ಬೀಸುವ ಕಲ್ಲಿನ ಮೇಲೆ ಹೋಯಿತು.

"ಆ ಕಲ್ಲಿನ ಗೂಟ ಅಂಚಿಗಿದ್ರ ಕೈ ದೊಡ್ಡ ಸುತ್ತು ಹೊಡೀಬೇಕು, ಆದ್ರ ಕಲ್ಲು ಹಗುರ ತಿರುಗ್ತದ. ಗೂಟ ನಡುವಿಗೆ ಸರಿಸಿದ್ರ ಸುತ್ತು ಸಣ್ಣದು, ಲಗೂ ಆಗ್ತದ. ಆದ್ರ ಕಾಳು ತುಂಬಿದಾಗ ಕಲ್ಲು ಕದಲೂದಿಲ್ಲ. ನಾ ಗೂಟ ಒಳಗ ಸರಿಸಿದೆ, ತಂಗೀ. ಶೇಠಗ ಹೇಳಲಿಲ್ಲ."

ತಾರಾ ಎದ್ದು ಹೋಗಿ ಕಲ್ಲಿನ ಗೂಟದ ಮೇಲೆ ಕೈ ಇಟ್ಟಳು.

"ಲಗೂ ಬರ್ರಿ ಅಂತ ದಿನಾ ಅಂದಾಕಿ ನಾನs, ಅಣ್ಣಾ," ಅಂದಳು.

ಅಲ್ಲ ಎನ್ನಲು ಭೀಮಸೇನ ಬಾಯಿ ತೆರೆದ. ಹೊಸಿಲಲ್ಲೇ ಕೂತು ಅತ್ತುಬಿಟ್ಟ.

ಅಲ್ಲಿಂದ ನೇರ ಶೇಠನ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದ. ಅಪಘಾತದ ವರದಿಯಲ್ಲಿ ಡ್ರೈವರನ ತಪ್ಪೆಂದು ಬರೆದದ್ದನ್ನು ತಿದ್ದಿಸಿದ ಮೇಲೆಯೇ ಎದ್ದ. ಅವನ ಕೆಲಸ ಅಂದೇ ಹೋಯಿತು. ವಾರದೊಳಗೆ ತಾರಾಳ ಒಡಹುಟ್ಟಿದ ಅಣ್ಣ ಊರಿಂದ ಬಂದು ಅವಳನ್ನು ಗದಗಿಗೆ ಕರೆದೊಯ್ದ.

ಭೀಮಸೇನ ಆಮೇಲೆ ಸೂರತ್ತಿನ ಕತಾರ್‌ಗಾಮಿನಲ್ಲಿ ಮಗ್ಗದ ಮೋಟಾರುಗಳಿಗೆ ಎಣ್ಣೆ ಬಿಡುವ ಕೆಲಸ ಹಿಡಿದ. ಲಾರಿಯ ಕೆಲಸಕ್ಕೆ ಎಷ್ಟೋ ಜನ ಕರೆದರು. ಹೋಗಲಿಲ್ಲ.