ದಹಬ್‌ನಲ್ಲಿ ಒಂದು ಸಹಿ

ದಹಬ್‌ನಲ್ಲಿ ಯಾರಿಗೂ ಅವಸರವಿಲ್ಲ ಎಂಬುದು ಶ್ರೀಶೈಲನಿಗೆ ಮೊದಲ ದಿನವೇ ಗೊತ್ತಾಗಿತ್ತು. ಮೂರನೆಯ ದಿನದ ಹೊತ್ತಿಗೆ ಅದೇ ಅವನನ್ನು ದಣಿಸತೊಡಗಿತ್ತು. ಒಂದು ಬದಿಗೆ ಹುಲ್ಲುಕಡ್ಡಿಯೂ ಇಲ್ಲದ ಕೆಂಪು ಗುಡ್ಡಗಳು, ಇನ್ನೊಂದು ಬದಿಗೆ ಕಡುನೀಲಿ ಸಮುದ್ರ, ಎರಡರ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಂತೆ ಒಂದು ಬೀದಿ. ಬೀದಿಯುದ್ದಕ್ಕೂ ಖರ್ಜೂರದ ಗರಿಯ ಚಪ್ಪರಗಳು. ಚಪ್ಪರದಡಿ ಕುರ್ಚಿಗಳಿಲ್ಲ, ನೆಲಕ್ಕೆ ಹಾಸಿದ ಗಾದಿ, ಒರಗಲು ದಿಂಬು. ಒರಗಿದವರು ಏಳುತ್ತಿರಲಿಲ್ಲ. ಆಡುಗಳು ಅಂಗಡಿಯೊಳಗೆ ನುಗ್ಗಿ ರಟ್ಟಿನ ಡಬ್ಬ ಜಗಿಯುತ್ತ ನಿಂತರೂ ಮಾಲೀಕ ಎದ್ದು ಓಡಿಸುತ್ತಿರಲಿಲ್ಲ. ಮಾತ್ರೆ ಎಣಿಸುತ್ತ, ಫೋನು ಕತ್ತಿನಲ್ಲಿ ಸಿಕ್ಕಿಸಿಕೊಂಡು, ದಿನಕ್ಕೆ ಹನ್ನೆರಡು ತಾಸು ನಿಂತೇ ಇರುವವನಿಗೆ ಹೇಗೆ ಕೂರಬೇಕು ಎಂಬುದೇ ಮರೆತುಹೋದಂತಿತ್ತು. ಗಾದಿಯ ಅಂಚಿನಲ್ಲಿ, ಡಾಕ್ಟರರ ಕೋಣೆಯ ಹೊರಗೆ ಕೂತವನ ಹಾಗೆ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ.

ಟೆಕ್ಸಸ್‌ನ ಫ್ಲವರ್ ಮೌಂಡ್‌ನಲ್ಲಿ ಅವನದೇ ಔಷಧದಂಗಡಿ. ಎಂಟು ವರ್ಷದಲ್ಲಿ ಅದನ್ನು ಒಂದು ವಾರ ಬಿಟ್ಟು ಬಂದಿರುವುದು ಇದೇ ಮೊದಲು. ಮಗಳು ನಿಧಿಗೆ ಕೊಟ್ಟ ಮಾತದು. ಆಸ್ಟಿನ್‌ನ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕರೆ ನೀನು ಹೇಳಿದ ಊರಿಗೆ ಎಂದಿದ್ದ. ಹವಾಯಿ ಅಂದಾಳು, ಪ್ಯಾರಿಸ್ ಅಂದಾಳು ಎಂದುಕೊಂಡಿದ್ದವನಿಗೆ ಅವಳು ನಕ್ಷೆಯಲ್ಲಿ ತೋರಿಸಿದ್ದು ಈಜಿಪ್ಟಿನ ಮರುಭೂಮಿಯ ಅಂಚಿನ ಒಂದು ಚುಕ್ಕೆಯನ್ನು. ಬೆನ್ನಿಗೆ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ, ಹಗ್ಗ ಹಿಡಿದು ಸಮುದ್ರದ ಆಳಕ್ಕಿಳಿಯುವವರು ಲೋಕದ ಮೂಲೆಮೂಲೆಯಿಂದ ಇಲ್ಲಿಗೆ ಬರುತ್ತಾರಂತೆ. ಅವಳಿಗೆ ಇಪ್ಪತ್ತು ಮೀಟರ್ ಇಳಿಯಬೇಕಿತ್ತು. ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿರುವ ಅವಳ ಅವ್ವ ಪ್ರೇರಣಾಗೆ ರಜೆ ಸಿಗದೆ, ಅಪ್ಪ ಮಗಳಿಬ್ಬರೇ ಬಂದಿದ್ದರು.

ಈಗ ಅವನ ಮುಂದೆ ಗಾದಿಯ ಮೇಲೆ ಒಂದು ಫಾರ್ಮ್ ಇತ್ತು. ಗಾಳಿಗೆ ಹಾರದಿರಲೆಂದು ನಿಧಿ ಅದರ ಮೇಲೆ ಚಪ್ಪಲಿ ಇಟ್ಟು ಈಜಲು ಹೋಗಿದ್ದಳು. ಹೀಗೆ ಮುಳುಗುವುದನ್ನು ಕಲಿಸುವ ಮರ್ವಾ ಎಂಬ ಹೆಣ್ಣುಮಗಳು ಬೆಳಿಗ್ಗೆಯೇ ಹೇಳಿದ್ದಳು: ಹದಿನೆಂಟು ತುಂಬದವರಿಗೆ ತಂದೆಯದೋ ತಾಯಿಯದೋ ಸಹಿ ಬೇಕು. ಆರೋಗ್ಯದ ಪ್ರಶ್ನೆಗಳು ಹತ್ತು. ಹತ್ತಕ್ಕೂ ‘ಇಲ್ಲ’ ಎಂದಿದ್ದರೆ ನಾಳೆ ಬೆಳಿಗ್ಗೆ ನೀರಿಗೆ. ಒಂದಕ್ಕೆ ‘ಹೌದು’ ಎಂದಿದ್ದರೂ ಮೊದಲು ಊರಿನ ಡಾಕ್ಟರ್ ಹತ್ತಿರ.

ನಿಧಿ ಹತ್ತಕ್ಕೂ ‘ಇಲ್ಲ’ ಎಂದು ಗೀಟು ಹಾಕಿದ್ದಳು. ಆರನೆಯದು ಉಬ್ಬಸದ ಪ್ರಶ್ನೆ. ಈಗಿದೆಯೇ, ಅಥವಾ ಕಳೆದ ಐದು ವರ್ಷದಲ್ಲಿ ಇತ್ತೇ? ಶ್ರೀಶೈಲ ಲೆಕ್ಕ ಹಾಕಿದ. ಅವಳ ಕಡೆಯ ಇನ್ಹೇಲರ್ ಅವನೇ ಕೈಯಾರೆ ಲೇಬಲ್ ಅಂಟಿಸಿ ತಂದದ್ದು ಆರನೆಯ ಗ್ರೇಡಿನಲ್ಲಿ. ಆರು ವರ್ಷವಾಯಿತು. ಸರಿ, ‘ಇಲ್ಲ’ ಎಂಬುದು ಸುಳ್ಳಲ್ಲ.

ಫಾರ್ಮಿನ ವಿಷಯದಲ್ಲಿ ಅವನು ಕರ್ಮಠ. ವಿಜಯಪುರ ಬಿಟ್ಟು ಇಪ್ಪತ್ತೆರಡು ವರ್ಷ, ಗ್ರೀನ್ ಕಾರ್ಡಿಗೆ ಕಾದದ್ದೇ ಹನ್ನೆರಡು ವರ್ಷ. ಒಂದು ಚೌಕದಲ್ಲಿ ತಪ್ಪು ಗೀಟು ಬಿದ್ದರೆ ಇಡೀ ಸಂಸಾರವೇ ಗಂಟುಮೂಟೆ ಕಟ್ಟಬೇಕಾದೀತು ಎಂಬ ಹೆದರಿಕೆ ಅವನ ಮೈಯಲ್ಲಿ ಎಲುಬಿನ ಹಾಗೆ ಸೇರಿಕೊಂಡಿತ್ತು. ಪ್ರತಿ ಸಾಲನ್ನೂ ಎರಡು ಸಲ ಓದುವುದು, ಖಾಲಿ ಜಾಗಕ್ಕೆ ಗೆರೆ ಎಳೆಯುವುದು, ಕಡೆಗೆ ಸಹಿ. ಈ ಕ್ರಮ ಅವನು ಎಂದೂ ತಪ್ಪಿದವನಲ್ಲ.

ಎರಡನೆಯ ಸಲ ಓದಿ ಮುಗಿಸಿ, ಪೆನ್ನಿಗಾಗಿ ನಿಧಿಯ ಚೀಲಕ್ಕೆ ಕೈಹಾಕಿದ. ಜಿಪ್ಪಿನ ಪುಟ್ಟ ಖಾನೆಯಲ್ಲಿ ಪೆನ್ನಿರಲಿಲ್ಲ. ನೀಲಿ ಇನ್ಹೇಲರ್ ಇತ್ತು.

ಅದರ ಬೆನ್ನಿಗೆ ಬೇರೆ ಯಾವುದೋ ಅಂಗಡಿಯ ಲೇಬಲ್. ಊರು ಫುಲ್‌ಶೀರ್. ಹ್ಯೂಸ್ಟನ್ ಆಚೆಯ ಆ ಊರಿನಲ್ಲಿ ಇದ್ದದ್ದು ಪ್ರೇರಣಾಳ ತಂಗಿ ಸಿಂಚನಾ. ತಾರೀಖು ಮಾರ್ಚ್ ಹದಿನಾಲ್ಕು, ನಿಧಿ ಚಿಕ್ಕಮ್ಮನ ಮನೆಗೆ ರಜೆಗೆ ಹೋಗಿದ್ದ ವಾರ. ಇನ್ನೂರು ಸಲ ಒತ್ತಬಹುದಾದ ಅದರ ಎಣಿಕೆಯ ಕಿಂಡಿಯಲ್ಲಿ ನೂರಾಹನ್ನೆರಡು ಎಂದಿತ್ತು. ಅವನೊಳಗಿನ ಔಷಧದಂಗಡಿಯವನು, ಕೇಳದಿದ್ದರೂ, ತಾನಾಗಿ ಲೆಕ್ಕ ಮುಗಿಸಿಬಿಟ್ಟ. ಮೂರು ತಿಂಗಳಿಗೆ ಎಂಬತ್ತೆಂಟು. ಎರಡು ದಿನಕ್ಕೊಮ್ಮೆ ಎರಡೆರಡು.

ಟೆಕ್ಸಸ್‌ನಲ್ಲಿ ಆಗ ಬೆಳಿಗ್ಗೆ ಏಳು. ಪ್ರೇರಣಾ ಫ್ಯಾಕ್ಟರಿಯ ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಇದ್ದಳು.

“ಏನ್ರಿ, ಇಷ್ಟ್ ಲಗೂ ಫೋನು? ಸಮುದ್ರದ ನೀರು ಉಪ್ಪಾತೇನು?”

“ನಿಧಿ ಚೀಲದಾಗ ಪಂಪ್ ಸಿಕ್ತು.”

“ಯಾವ ಪಂಪು?” ಎಂದಳು. ಆದರೆ ಕೇಳುವ ಮೊದಲು ಒಂದು ಗಳಿಗೆ ತಡೆದಿದ್ದಳು.

“ಫುಲ್‌ಶೀರಿಂದು.”

“ಸಿಂಚನಾಗ ಏನೂ ಅನಬ್ಯಾಡ್ರಿ. ನಾನ ಹೇಳಿದ್ದೆ ಅಕಿಗೆ.”

“ಅಪ್ಪಂದು ಔಷಧದಂಗಡಿ ಐತಿ. ಮಗಳ ಔಷಧ ಇನ್ನೂರೈವತ್ತು ಮೈಲಿ ದೂರದಿಂದ ಬರತೈತಿ. ಚೊಲೋ ಆತು.”

“ನಿಮಗ ಹೇಳಿದ್ರ ಏನ್ ಮಾಡ್ತಿದ್ರಿ, ಹೇಳ್ಲೇನು? ಮತ್ತ ಅಕಿ ಕೋಣಿ ಬಾಗಲಕ್ಕ ಕಿವಿ ಹಚ್ಚಿ ನಿಂದರ್ತಿದ್ರಿ. ಈಜು ಬಿಡಿಸ್ತಿದ್ರಿ. ಆಸ್ಟಿನ್ ಬ್ಯಾಡ ಅಂತಿದ್ರಿ, ಅಲ್ಲಿ ಸೀಡರ್ ಗಾಳಿ ಅಂತಿದ್ರಿ. ನೀವು ಅಪ್ಪ ಅಲ್ರಿ, ಸ್ಟೆತಸ್ಕೋಪು.”

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ನಿಧಿ ಆರು ವರ್ಷದವಳಿದ್ದಾಗ ಒಂದು ಜನವರಿ, ಆಸ್ಟಿನ್‌ನಲ್ಲಿ ಗೆಳೆಯರ ಮನೆ. ಸೀಡರ್ ಮರಗಳು ಹಳದಿ ಹುಡಿ ಉದುರಿಸುವ ಕಾಲ. ಆಟದ ನಡುವೆ ಮಗು ಸುಮ್ಮನೆ ನೆಲದ ಮೇಲೆ ಕೂತಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ಎರಡು ದಿನ. ಅಲ್ಲಿಂದ ಮುಂದೆ ಅವನು ನಿದ್ದೆ ಮಾಡಿದ್ದು ಅರ್ಧ ಕಿವಿ ತೆರೆದಿಟ್ಟೇ.

“ಡಾಕ್ಟರು ಏನಂದಾರ?” ಎಂದು ಕೇಳಿದ.

“ಈಜೂಕಿಂತ ಮೊದ್ಲ ಎರಡ್ ಸಲ ಹೊಡ್ಕೊ, ಏನೂ ಆಗೂದಿಲ್ಲ ಅಂದಾರ.”

“ಅದು ಈಜಾಕ, ಪ್ರೇರಣಾ. ಉಸಿರು ಹಿಡ್ಕೊಂಡು ಇಪ್ಪತ್ತು ಮೀಟರ್ ಕೆಳಗ ಹೋಗಾಕಲ್ಲ. ಇಲ್ಲೆ ಫಾರ್ಮಿನ್ಯಾಗ ‘ಇಲ್ಲ’ ಅಂತ ಬರದಾಳ. ಕೆಳಗ ನಾ ಸಹಿ ಮಾಡಬೇಕಂತ.”

ಅವಳ ದನಿ ಸಣ್ಣದಾಯಿತು. “ಇದು ನನಗ ಗೊತ್ತಿರಲಿಲ್ರಿ. ಸಹಿ ಮಾಡಬ್ಯಾಡ್ರಿ ಅನ್ನಾಕ ಈಗ ನನಗ ಬಾಯಿಲ್ಲ. ಮಾಡ್ರಿ ಅಂತೂ ಅನ್ನೂದಿಲ್ಲ. ಅಕಿ ಎರಡ್ ವರ್ಷದಿಂದ ಇದನ್ನ ಜಪಾ ಮಾಡ್ಯಾಳ… ನೋಡ್ರಿ, ನೀವ ಅದೀರಿ ಅಲ್ಲೆ.”

ನೀವೇ ಇದ್ದೀರಿ ಅಲ್ಲಿ. ಹದಿನೇಳು ವರ್ಷದಿಂದ ಅವನು ಅಲ್ಲೇ ಇದ್ದ.

ನಿಧಿ ಬಂದಾಗ ಕೂದಲಿಂದ ನೀರು ಸುರಿಯುತ್ತಿತ್ತು. ಗಾದಿಯ ಮೇಲಿದ್ದ ಇನ್ಹೇಲರ್ ನೋಡಿದಳು. ಅಪ್ಪನ ಮುಖ ನೋಡಲಿಲ್ಲ. ಅವಳು ಮಾತಾಡುವುದು ಇಂಗ್ಲಿಷಿನಲ್ಲಿ, ಅವನು ಮಾತಾಡುವುದು ಕನ್ನಡದಲ್ಲಿ. ಅವರ ಮನೆಯ ಜಗಳವೂ ಹಾಗೆಯೇ ನಡೆಯುವುದು.

“ನನ್ನ ಚೀಲ ತೆಗೆದು ನೋಡಿದೆ,” ಎಂದಳು.

“ಪೆನ್ ಹುಡುಕ್ತಿದ್ದೆ. ಸಹಿ ಮಾಡಾಕ.”

ಅದು ಅವಳಿಗೆ ತಾಕಿರಬೇಕು. ಟವೆಲ್ ಹೊದ್ದು ಎದುರಿಗೆ ಕೂತಳು. “ಅಪ್ಪಾ, ನಾನು ನೀರಲ್ಲಿ ಎರಡು ಮುಕ್ಕಾಲು ನಿಮಿಷ ಉಸಿರು ಹಿಡೀತೀನಿ. ನಮ್ಮ ಈಜು ಕ್ಲಬ್ಬಿನಲ್ಲಿ ನನಗಿಂತ ಜಾಸ್ತಿ ಯಾರೂ ಹಿಡಿಯಲ್ಲ.”

“ಹಿಡಿಯೂದರ ಸುದ್ದಿ ಅಲ್ಲವ್ವ. ಬಿಡೂದರ ಸುದ್ದಿ. ಮ್ಯಾಲ ಬರೂಮುಂದ ಎದಿ ಬಿಗೀತಂದ್ರ?”

“ಬಿಗಿಯಲ್ಲ.”

“ಮತ್ತ ಎಂಬತ್ತೆಂಟು ಸಲ ಏನು, ಬಾಯಿ ರುಚಿಗೆ ಹೊಡ್ಕೊಂಡೀಯೇನು?”

ಅವಳಿಗೆ ನಗು ತಡೆಯಲಾಗಲಿಲ್ಲ. ತಡೆಯಲಾಗದ್ದಕ್ಕೇ ಸಿಟ್ಟು ಬಂತು. “ಸರಿ, ಸಹಿ ಮಾಡಬೇಡ. ನಲವತ್ತೊಂದು ದಿನಕ್ಕೆ ನನಗೆ ಹದಿನೆಂಟು. ನಾನೊಬ್ಬಳೇ ಬರ್ತೀನಿ. ಆಗ ನಿನ್ನನ್ನ ಯಾರೂ ಕೇಳಲ್ಲ.” ಎದ್ದು ನಿಂತವಳು, ಹೋಗದೆ, ಇನ್ನೊಂದು ಮಾತು ಸೇರಿಸಿದಳು. “ನಿನಗೆ ಗೊತ್ತಾ? ನಾನು ಮನೇಲಿ ಮೆತ್ತಗೆ ಕೆಮ್ಮೋದನ್ನ ಕಲಿತಿದ್ದೀನಿ. ದಿಂಬಿನೊಳಗೆ. ನೀನು ಎದ್ದು ಬರಬಾರದು ಅಂತ.”

ಚಪ್ಪರದ ಗರಿಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಸಮುದ್ರದಾಚೆ ಅರೇಬಿಯದ ಗುಡ್ಡಗಳು ತಿಳಿಗುಲಾಬಿಗೆ ತಿರುಗುತ್ತಿದ್ದವು. ಶ್ರೀಶೈಲನ ಬೆನ್ನು, ಹಿಮ್ಮಡಿ, ಕಣ್ಣಿನ ಹಿಂಭಾಗ ಎಲ್ಲವೂ ಒಟ್ಟಿಗೆ ಸೋತಿದ್ದವು. ಸಹಿ ಮಾಡಿಬಿಟ್ಟರೆ ಅವಳು ನಗುತ್ತಾಳೆ. ಮಾಡದಿದ್ದರೆ ನಲವತ್ತೊಂದು ದಿನ ಮುನಿಸಿಕೊಂಡಿದ್ದು, ಆಮೇಲೆ ಆಸ್ಟಿನ್‌ಗೆ ಹೋಗುತ್ತಾಳೆ. ಅಲ್ಲಿ ಅವಳ ಕೋಣೆಯ ಬಾಗಿಲಿಗೆ ಕಿವಿ ಹಚ್ಚಲು ಯಾರಿದ್ದಾರೆ? ದಿಂಬಿನೊಳಗೆ ಕೆಮ್ಮುವುದನ್ನು ಕಲಿತವಳು, ಅಲ್ಲಿಯೂ ಫಾರ್ಮುಗಳಲ್ಲಿ ‘ಇಲ್ಲ’ ಎಂದೇ ಬರೆಯುತ್ತ ಹೋಗುತ್ತಾಳೆ.

ಅವನು ಎದ್ದು ಮರ್ವಾಳ ಹತ್ತಿರ ಹೋದ. ಇನ್ನೊಂದು ಖಾಲಿ ಫಾರ್ಮ್ ಕೇಳಿದ, ಪೆನ್ನನ್ನೂ ಅವಳಿಂದಲೇ ಇಸಿದುಕೊಂಡ. ನಿಂತಲ್ಲೇ, ಒಂದು ಸಲವೂ ಓದದೆ, ಯಾವ ಚೌಕವನ್ನೂ ತುಂಬದೆ, ಕೆಳಗೆ ತಂದೆಯ ಜಾಗದಲ್ಲಿ ಸಹಿ ಹಾಕಿದ. ಬರಿಯ ಹಾಳೆಯ ಕೆಳಗೆ ತನ್ನ ಹೆಸರು ಅಷ್ಟು ಬೆತ್ತಲಾಗಿ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ತಂದು ಮಗಳ ಕೈಗೆ ಕೊಟ್ಟ. “ಸಹಿ ಮಾಡೀನಿ. ಮ್ಯಾಲಿಂದು ನೀ ತುಂಬು. ನೀ ಏನ್ ಬರದ್ರೂ ಅದು ನಂದೂ ಮಾತು.”

ನಿಧಿ ಹಾಳೆಯನ್ನು ಮಗುಚಿ ನೋಡಿದಳು, ಮೋಸವೇನಾದರೂ ಇದೆಯೇ ಎಂಬಂತೆ. “ಇದು ಟ್ರಿಕ್.”

“ಟ್ರಿಕ್ ಮಾಡಾಕ ನನಗ ಈಗ ತ್ರಾಣ ಇಲ್ಲವ್ವ.”

ಅದು ನಿಜವೋ ಸುಳ್ಳೋ ಅವನಿಗೂ ಖಚಿತವಿರಲಿಲ್ಲ. ಗಾದಿಗೆ ಬಂದು ಮೊದಲ ಸಲ ಪೂರ್ತಿ ಒರಗಿದ. ಅವಳು ನೀರಿನ ಅಂಚಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಒಂದು ಬೆಕ್ಕು ಬಂದು ಪಕ್ಕದಲ್ಲಿ ಮಲಗಿತು, ಎದ್ದು ಹೋಯಿತು. ಬಹಳ ಹೊತ್ತಿನ ಮೇಲೆ ನಿಧಿ ಎದ್ದಳು, ಅವನ ಕಡೆ ನೋಡದೆಯೇ ನೇರ ಮರ್ವಾಳ ಮೇಜಿಗೆ ಹೋಗಿ ಹಾಳೆ ಇಟ್ಟಳು. ಮರ್ವಾ ಬೆರಳಿಟ್ಟು ಓದುತ್ತ ಬಂದವಳು ಉಬ್ಬಸದ ಆರನೆಯ ಸಾಲಿನಲ್ಲಿ ನಿಂತಳು. ತಲೆಯೆತ್ತಿ ಏನೋ ಕೇಳಿದಳು. ನಿಧಿ ಹೌದೆಂದು ತಲೆಯಾಡಿಸಿದಳು. ಅಷ್ಟು ದೂರದಿಂದಲೂ ಅವಳ ಭುಜಗಳು ಇಳಿದದ್ದು ಅವನಿಗೆ ಕಾಣಿಸಿತು.

ಊರಿನ ಡಾಕ್ಟರು ಬಿಳಿ ಮೀಸೆಯ ಮುದುಕರು. ಮರುದಿನ ಬೆಳಿಗ್ಗೆ ಅವಳಿಂದ ಒಂದು ಕೊಳವೆಯೊಳಗೆ ಊದಿಸಿದರು, ಮಹಡಿಯ ಮೆಟ್ಟಿಲು ಹತ್ತಿಸಿ ಇಳಿಸಿ ಮತ್ತೆ ಊದಿಸಿದರು. ಎರಡನೆಯ ಸಲ ಕೊಳವೆಯ ಮುಳ್ಳು ಸಾಕಷ್ಟು ಮೇಲೆ ಬರಲಿಲ್ಲ. ಈ ಸಲ ಬೇಡ ಎಂದರು. ಟೆಕ್ಸಸ್‌ನಲ್ಲಿ ಸರಿಯಾದ ಔಷಧ ಶುರುಮಾಡಿ, ಒಂದು ವರ್ಷ ನೋಡಿ, ಆಮೇಲೆ ಬನ್ನಿ, ಸಮುದ್ರ ಎಲ್ಲಿಗೂ ಹೋಗುವುದಿಲ್ಲ ಎಂದರು. ನಿಧಿ ಥ್ಯಾಂಕ್ಯೂ ಎಂದಳು. ಬೀದಿಗೆ ಬಂದ ಮೇಲೆ ಗುಡ್ಡದ ಕಡೆ ಮುಖಮಾಡಿ ಅತ್ತಳು. ಹತ್ತಿರ ಹೋದವನ ಕೈಯನ್ನು ಕೊಡವಿದಳು.

“ನೀನು ಖಾಲಿ ಕೊಟ್ಟೆಯಲ್ಲ, ಅದು ಅನ್ಯಾಯ,” ಎಂದಳು. “ಬೈದು ಬೇಡ ಅಂದಿದ್ದರೆ ನಾನು ಸುಳ್ಳೇ ಬರೀತಿದ್ದೆ.”

“ಗೊತ್ತು,” ಎಂದ. ಆದರೆ ಅವನಿಗೆ ಅದು ಗೊತ್ತಾದದ್ದು ಆ ಗಳಿಗೆಯಲ್ಲೇ.

ಮಧ್ಯಾಹ್ನ ಮರ್ವಾಳೇ ಬಂದು ಕರೆದಳು. ಮುಳುಗುವುದು ಬೇಡ, ಮೇಲೆ ತೇಲುತ್ತ ಬೇರೆಯವರು ಇಳಿಯುವುದನ್ನು ನೋಡಬಹುದಲ್ಲ, ಅಪ್ಪನೂ ಬರಲಿ, ತೇಲುವ ಜಾಕೆಟ್ ಕೊಡುತ್ತೇನೆ. ನಿಧಿ ತುಟಿಬಿಗಿದುಕೊಂಡೇ ಹೊರಟಳು. ನೀರಿನ ಮೇಲೆ ಕಿತ್ತಳೆ ಬಣ್ಣದ ಒಂದು ದಪ್ಪ ಟ್ಯೂಬು, ಅದರ ನಡುವಿಂದ ಕೆಳಕ್ಕೆ ನೆಟ್ಟಗೆ ಬಿಟ್ಟ ಬಿಳಿಯ ಹಗ್ಗ. ಅಪ್ಪ ಮಗಳಿಬ್ಬರೂ ಟ್ಯೂಬಿನ ಎರಡು ಬದಿ ಹಿಡಿದು ತೇಲಿದರು. ಕಲಿಯಲು ಬಂದಿದ್ದ, ಐವತ್ತು ದಾಟಿದ ಜರ್ಮನ್ ಹೆಂಗಸೊಬ್ಬಳು ದೀರ್ಘವಾಗಿ ಉಸಿರೆಳೆದು, ತಲೆಕೆಳಗಾಗಿ ಮುಳುಗಿ, ಹಗ್ಗದ ಗುಂಟ ಇಳಿಯತೊಡಗಿದಳು. ಮರ್ವಾ ಅವಳ ಹಿಂದೆ ಹೋದಳು.

ನಿಧಿ ಮುಖ ನೀರಿಗಿಟ್ಟು ನೋಡುತ್ತಿದ್ದಳು. ಹೆಂಗಸು ಬೆರಳಷ್ಟಾದಳು, ಆಮೇಲೆ ನೀಲಿಯಲ್ಲಿ ಕಾಣದಾದಳು. ಶ್ರೀಶೈಲನೂ ಒಮ್ಮೆ ಮುಖ ಮುಳುಗಿಸಿ ನೋಡಿ, ತಟ್ಟನೆ ಮೇಲೆತ್ತಿದ. ಟ್ಯೂಬಿನ ಹಗ್ಗ ಹಿಡಿದ ಮಗಳ ಬೆರಳುಗಳು ಬಿಳಿಚಿಕೊಂಡಿದ್ದವು. ಬಹಳ ಹೊತ್ತಾಯಿತು. ಇನ್ನೂ ಹೊತ್ತಾಯಿತು. ಕೊನೆಗೆ ಹೆಂಗಸು ಬುಸ್ಸೆಂದು ಮೇಲೆ ಬಂದು, ಎರಡು ಸಲ ಉಸಿರು ಎಳೆದು, ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು.

ನಿಧಿ ಮಾಸ್ಕ್ ಹಣೆಗೇರಿಸಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

“ನನಗೆ ಅವರ ಹೆಸರೂ ಗೊತ್ತಿಲ್ಲ,” ಎಂದಳು. “ಬರೀ ಒಂದು ನಿಮಿಷ. ಅಷ್ಟರಲ್ಲಿ ನನಗೇ ಉಸಿರು ಬಿಡೋದು ಮರೆತುಹೋಗಿತ್ತು. ಹೀಗೆ ಕಾಯೋದು ಎಷ್ಟು ಸುಸ್ತು, ಅಪ್ಪಾ.”

“ಹೂಂ,” ಎಂದ ಶ್ರೀಶೈಲ.

ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಸಿಟ್ಟು ಇನ್ನೂ ಇತ್ತು, ಅದೇನೂ ಇವತ್ತಿಗೆ ಹೋಗುವಂಥದ್ದಲ್ಲ. ಮುಂದಿನವಳು ಉಸಿರೆಳೆದುಕೊಳ್ಳಲು ಸಿದ್ಧಳಾಗುತ್ತಿದ್ದಳು.

“ನೀನು ದಂಡೆಗೆ ಹೋಗು,” ಎಂದಳು. “ಹೋಗಿ ಮಲಕ್ಕೊ. ನಾನಿದ್ದೀನಿ ಇಲ್ಲಿ.”

ಅವನು ಟ್ಯೂಬು ಬಿಟ್ಟ. ಜಾಕೆಟ್ಟಿನ ದಯೆಯಿಂದ ಕೈಕಾಲು ಬಡಿಯುತ್ತ ಹೋಗುವಾಗ ಒಮ್ಮೆ ತಿರುಗಿ ನೋಡಿದ. ಅವಳು ಆಗಲೇ ಮುಖ ನೀರಿಗಿಟ್ಟಾಗಿತ್ತು. ದಂಡೆಯ ಬಿಸಿ ಕಲ್ಲುಗಳ ಮೇಲೆ ಒದ್ದೆ ಬಟ್ಟೆಯಲ್ಲೇ, ಸಮುದ್ರಕ್ಕೆ ಬೆನ್ನುಮಾಡಿ ಮಲಗಿದ. ಎದ್ದು ನೋಡಬೇಕು ಎಂದುಕೊಂಡ, ಇನ್ನೊಂದು ನಿಮಿಷ ಎಂದುಕೊಂಡ. ಅಷ್ಟರಲ್ಲಿ ನಿದ್ದೆ ಹತ್ತಿತು.